ಸೇಲ್ಸ್ ಹುಡುಗರ ಪೆಟ್ರೋಲ್ ದುಡ್ಡು, ದಿನದ ಬಾಟಾ: ಎಷ್ಟು ಕೊಡಬೇಕು, ಹೇಗೆ ಬರೆದಿಡಬೇಕು?

ಪ್ರಶ್ನೆ: ನಮಸ್ಕಾರ ಸಾರ್. ಶಿವಮೊಗ್ಗದಲ್ಲಿ ನನ್ನದು ಸ್ಪ್ರೇಯರ್, ಕಳೆ ಕೊಚ್ಚುವ ಮಷೀನಿನ ಬಿಡಿಭಾಗಗಳ ಹೋಲ್‌ಸೇಲ್ ಅಂಗಡಿ. ಇಬ್ಬರು ಸೇಲ್ಸ್ ಹುಡುಗರು ಅವರವರ ಬೈಕಿನಲ್ಲೇ ಲೈನಿಗೆ, ಅಂದರೆ ಊರೂರಿನ ಅಂಗಡಿಗಳಿಗೆ, ಹೋಗುತ್ತಾರೆ. ಒಬ್ಬ ಭದ್ರಾವತಿ ಕಡೆ, ಇನ್ನೊಬ್ಬ ರಿಪ್ಪನ್‌ಪೇಟೆ, ಹೊಸನಗರದ ಕಡೆ. ಇಬ್ಬರಿಗೂ ಸಂಬಳದ ಜೊತೆ ಪೆಟ್ರೋಲ್ ಅಂತ ತಿಂಗಳಿಗೆ 5,000 ಸೇರಿಸಿ ಹಾಕುತ್ತೇನೆ. ಹೊಸನಗರದವನು ಸಾಲುತ್ತಿಲ್ಲ ಅಂತಾನೆ. ಆಡಿಟರ್ ಆಫೀಸಿನವರು ಹೀಗೆ ಕೊಟ್ಟರೆ ಅದೂ ಸಂಬಳವೇ ಅಂತಾರೆ. ಕಿ.ಮೀ.ಗೆ ಇಷ್ಟು ಅಂತ ಸರ್ಕಾರದ ರೇಟ್ ಏನಾದ್ರೂ ಇದೆಯಾ?

ಉತ್ತರ: ನಮಸ್ಕಾರ. ಖಾಸಗಿ ಅಂಗಡಿ, ಕಂಪನಿಗಳಿಗೆ ಅಂತ ನಮ್ಮಲ್ಲಿ ಕಟ್ಟುನಿಟ್ಟಿನ ರೇಟ್ ಇಲ್ಲ. ಅಮೆರಿಕದಲ್ಲಿ ಅಲ್ಲಿನ ತೆರಿಗೆ ಇಲಾಖೆಯೇ ಪ್ರತಿ ವರ್ಷ ಮೈಲಿಗೆ ಇಷ್ಟು ಅಂತ ಹೇಳುತ್ತೆ, 2025ಕ್ಕೆ 70 ಸೆಂಟ್ ಇತ್ತು. ಇಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ 2017ರ ಆದೇಶದಲ್ಲಿ ಸ್ವಂತ ಕಾರಿಗೆ ಕಿ.ಮೀ.ಗೆ 24, ಸ್ಕೂಟರಿಗೆ 12 ರೂಪಾಯಿ ಇಟ್ಟಿತ್ತು. ಅದೂ ಬೇರೆ ರೇಟ್ ನಿಗದಿಯಾಗದ ಊರುಗಳಿಗೆ. ಅದನ್ನು ನೀವು ಪಾಲಿಸಲೇಬೇಕು ಅಂತೇನಿಲ್ಲ.

ನಿಮ್ಮ ಲೆಕ್ಕ ನೀವೇ ಹಾಕಿ. ಪೆಟ್ರೋಲ್ ಲೀಟರಿಗೆ 103 ಅಂತ ಇಟ್ಟುಕೊಳ್ಳಿ. ಶೋರೂಮಿನವರು ಹೇಳುವ ಮೈಲೇಜ್ ನಂಬಬೇಡಿ. ನಮ್ಮ ಏರಿಳಿತದ ರಸ್ತೆಯಲ್ಲಿ, ಹಿಂದೆ ಸ್ಯಾಂಪಲ್ ಚೀಲ ಕಟ್ಟಿಕೊಂಡು ಹೋದರೆ ಲೀಟರಿಗೆ 40 ಕಿ.ಮೀ. ಬಂದರೆ ಪುಣ್ಯ. ಅಲ್ಲಿಗೆ ಪೆಟ್ರೋಲೇ ಕಿ.ಮೀ.ಗೆ ಎರಡೂವರೆ ದಾಟಿತು. ಆಯಿಲ್, ಟೈರ್, ಚೈನ್, ಬ್ರೇಕ್ ಶೂ ಎಲ್ಲ ಸೇರಿ ಒಂದು ರೂಪಾಯಿ. 90,000ಕ್ಕೆ ತಂದ ಬೈಕ್ ಲಕ್ಷ ಕಿ.ಮೀ. ಓಡಿದ ಮೇಲೆ 30,000ಕ್ಕೆ ಹೋದರೆ ಸವಕಳಿ 60 ಪೈಸೆ. ಒಟ್ಟು ನಾಲ್ಕು ರೂಪಾಯಿ ಚಿಲ್ಲರೆ. ಸವಕಳಿಯನ್ನು ಎಲ್ಲರೂ ಮರೆಯುತ್ತಾರೆ, ಆದರೆ ಬೈಕ್ ಸವೆಯುವುದು ನಿಮ್ಮ ವ್ಯಾಪಾರಕ್ಕೇ ಅಲ್ವಾ?

ಈಗ ನಿಮ್ಮ ಹುಡುಗರನ್ನೇ ನೋಡಿ. ಹೊಸನಗರದವನು ದಿನಕ್ಕೆ 150 ಕಿ.ಮೀ.ನಂತೆ 24 ದಿನ ಓಡಿದರೆ 3,600 ಕಿ.ಮೀ. ಬರೀ ಪೆಟ್ರೋಲೇ 9,270 ರೂಪಾಯಿ. ಭದ್ರಾವತಿಯವನು ದಿನಕ್ಕೆ 60 ಓಡಿದರೆ ಪೆಟ್ರೋಲ್ ಸುಮಾರು 3,700. ಒಬ್ಬನಿಗೆ ನೀವು ಕೊಟ್ಟದ್ದರಲ್ಲಿ ಉಳಿಯುತ್ತೆ, ಇನ್ನೊಬ್ಬ ಸಂಬಳದಿಂದ ತೆಗೆದು ಟ್ಯಾಂಕಿಗೆ ಹಾಕುತ್ತಿದ್ದಾನೆ. ಅವನು ದೂರುವುದರಲ್ಲಿ ತಪ್ಪೇನಿದೆ.

ತೆರಿಗೆ ವಿಷಯ. ಟೂರಿಗೆ ಕೊಡುವ ಪ್ರಯಾಣ ಭತ್ಯೆ (ಟಿಎ), ದಿನಭತ್ಯೆ (ಡಿಎ, ಅಂದರೆ ಬಾಟಾ) ಎರಡಕ್ಕೂ ವಿನಾಯಿತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು ಕಲಂ 10(14) ಮತ್ತು ನಿಯಮ 2ಬಿಬಿ. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿರುವುದರಿಂದ ಕಲಂ ನಂಬರ್ ಬೇರೆ. ವಿನಾಯಿತಿ ಸಿಗುವುದು ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ. ಓಡಲಿ ಬಿಡಲಿ ತಿಂಗಳಿಗೆ 5,000 ಅಂದರೆ, ಖರ್ಚಾಗಿದೆ ಅಂತ ತೋರಿಸುವುದು ಹೇಗೆ? ಆಡಿಟರ್ ಹೇಳಿದ್ದು ಸರಿ.

ಹಾಗಾಗಿ ಒಬ್ಬೊಬ್ಬರಿಗೆ ಒಂದು ಲಾಗ್‌ಬುಕ್ ಕೊಡಿ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಕು, ಹೊರಟಾಗ ಮೀಟರ್ 41,206, ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ವಾಪಸ್ ಬಂದಾಗ 41,358, ಹೋದ ಅಂಗಡಿಗಳ ಹೆಸರು. ಕೊನೆಗೆ ನಿಮ್ಮ ಸಹಿ. ಬಂಕಿನ ಚೀಟಿಗಳನ್ನು ಕಂತೆ ಕಟ್ಟಿಟ್ಟರೆ ಪೆಟ್ರೋಲ್ ಹಾಕಿಸಿದ್ದು ಗೊತ್ತಾಗುತ್ತೆ, ಎಲ್ಲಿಗೆ ಹೋದ ಅನ್ನೋದು ಗೊತ್ತಾಗಲ್ಲ. ದುಡ್ಡನ್ನು ಸಂಬಳದ ಜೊತೆ ಬೆರೆಸದೆ, ಬೇರೆ ವೋಚರ್ ಬರೆದು ಬ್ಯಾಂಕ್ ಮೂಲಕ ಹಾಕಿ.

ಪ್ರಶ್ನೆ (ಲೈನಿಗೆ ಹೋಗುವ ಒಬ್ಬರಿಂದ): ಸಾರ್, ನಮ್ಮ ಓನರ್ ಮೊಬೈಲ್ ಮ್ಯಾಪ್ ತೋರಿಸಿ ಅಷ್ಟೇ ಕಿ.ಮೀ. ಕೊಡ್ತಾರೆ. ಮಳೆಗಾಲದಲ್ಲಿ ಎಲ್ಲಿ ಮರ ಬಿದ್ದಿರುತ್ತೋ, ಎಲ್ಲಿ ಸುತ್ತಬೇಕೋ ಯಾರಿಗೆ ಗೊತ್ತು?

ಉತ್ತರ: ಮ್ಯಾಪನ್ನು ಅಂದಾಜಿಗೆ ಇಟ್ಟುಕೊಳ್ಳಲಿ, ದುಡ್ಡು ಕೊಡುವುದು ಮೀಟರ್ ನೋಡಿಯೇ. ವ್ಯತ್ಯಾಸ ಜಾಸ್ತಿ ಬಂದ ದಿನ ಪಕ್ಕದಲ್ಲಿ ಕಾರಣ ಬರೆಯಿರಿ: ‘ಮರ ಬಿದ್ದಿತ್ತು, ಸುತ್ತಿ ಬಂದೆ’. ಮೀಟರಿನ ಫೋಟೋ ಬೆಳಿಗ್ಗೆ ಒಂದು, ಸಂಜೆ ಒಂದು ವಾಟ್ಸಾಪ್‌ಗೆ ಹಾಕಿ. ಆಮೇಲೆ ಅನುಮಾನಕ್ಕೆ ಜಾಗ ಇರಲ್ಲ, ಇಬ್ಬರಿಗೂ.

ಪ್ರಶ್ನೆ (ಸಾಗರದಿಂದ): ನಾವು ತುಮರಿ ಕಡೆ ಹೋಗ್ತೀವಿ. ಮೊದಲು ಶರಾವತಿ ಹಿನ್ನೀರು ದಾಟೋಕೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯಬೇಕಲ್ಲ ಅಂತ ಪೂರ್ತಿ ದಿನದ ಬಾಟಾ ಕೊಡ್ತಿದ್ರು. 2025ರ ಜುಲೈನಲ್ಲಿ ಸೇತುವೆ ಆದಮೇಲೆ ಬಾಟಾನೇ ನಿಲ್ಲಿಸಿದ್ದಾರೆ. ಸರೀನಾ?

ಉತ್ತರ: ಸಮಯ ಉಳಿದದ್ದು ನಿಜ, ಹೊಟ್ಟೆ ಹಸಿವು ತಪ್ಪಲಿಲ್ಲವಲ್ಲ! ಬಾಟಾ ಕೊಡುವುದು ಊರು ಬಿಟ್ಟು ಇರುವಾಗ ಆಗುವ ಊಟ, ತಿಂಡಿ, ಚಹಾದ ಖರ್ಚಿಗೆ, ಲಾಂಚಿಗೆ ಕಾದದ್ದಕ್ಕಲ್ಲ. ಗಂಟೆಯ ಲೆಕ್ಕಕ್ಕೆ ಬನ್ನಿ ಅಂತ ಕೇಳಿ ನೋಡಿ. ಕೇಂದ್ರ ಸರ್ಕಾರದ ಪದ್ಧತಿಯಲ್ಲಿ ಆರು ಗಂಟೆಗಿಂತ ಕಡಿಮೆ ಹೊರಗಿದ್ದರೆ ಶೇ. 30, ಆರರಿಂದ ಹನ್ನೆರಡು ಗಂಟೆಗೆ ಶೇ. 70, ಅದಕ್ಕಿಂತ ಜಾಸ್ತಿಯಾದರೆ ಪೂರ್ತಿ. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದಕ್ಕೆ ಸಾಗರಕ್ಕೆ ಬಂದರೆ ಶೇ. 70 ಕೇಳಬಹುದು. ಪೂರ್ತಿ ಕೇಳಿದರೆ ಓನರ್ ಒಪ್ಪುವುದು ಕಷ್ಟ, ಸೊನ್ನೆ ಅನ್ನೋದೂ ಸರಿಯಲ್ಲ.

ಪ್ರಶ್ನೆ: ಮೇಡಂ ಒಬ್ಬರು ಹೊಸ ತೆರಿಗೆ ಪದ್ಧತಿಯಲ್ಲಿ ಟಿಎ, ಡಿಎ ವಿನಾಯಿತಿ ಹೋಯ್ತು ಅಂದ್ರು. ಹೌದಾ? ಮತ್ತೆ ನಾನು ದಿನಾ ಭದ್ರಾವತಿಯಿಂದ ಶಿವಮೊಗ್ಗದ ಆಫೀಸಿಗೆ ಬೈಕಲ್ಲಿ ಬರ್ತೀನಿ. ಅದನ್ನೂ ಬರೆಯಬಹುದಾ?

ಉತ್ತರ: ಹೋಗಿಲ್ಲ. ಮನೆ ಬಾಡಿಗೆ ಭತ್ಯೆ, ಎಲ್‌ಟಿಸಿ (ರಜೆ ಪ್ರವಾಸದ ಭತ್ಯೆ) ವಿನಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲ, ಟೂರಿನ ಭತ್ಯೆ ಉಳಿದಿದೆ. ಅಂದಹಾಗೆ ತಿಂಗಳಿಗೆ 25,000 ಸಂಬಳದ ಹುಡುಗರಿಗೆ ಹೇಗೂ ತೆರಿಗೆ ಬರಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ, ಇದೆ. ವಿನಾಯಿತಿಯ ಲಾಭ ಕಾಣುವುದು ದೊಡ್ಡ ಸಂಬಳದ ಏರಿಯಾ ಮ್ಯಾನೇಜರ್‌ಗಳಿಗೆ. ಸಣ್ಣ ಅಂಗಡಿಯಲ್ಲಿ ಲಾಗ್‌ಬುಕ್ ಬೇಕಾಗುವುದು ಹುಡುಗರ ಜೇಬು ಸೋರದಿರಲಿ, ಓನರಿನ ಖರ್ಚಿಗೆ ದಾಖಲೆ ಇರಲಿ ಅಂತ.

ಮನೆಯಿಂದ ಆಫೀಸಿಗೆ ಬರುವುದು ಟೂರ್ ಅಲ್ಲ. ಅದಕ್ಕೆ ಮೊದಲಿದ್ದ ಸಾರಿಗೆ ಭತ್ಯೆಯ ವಿನಾಯಿತಿಯನ್ನು 2018ರಲ್ಲಿ ತೆಗೆದು ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ಕೇಳದೆ ಸಂಬಳದಿಂದ ಕಳೆಯುವ ಮೊತ್ತ) ಕೊಟ್ಟರು. ಹೊಸ ಪದ್ಧತಿಯಲ್ಲಿ ಈಗ ಅದು 75,000. ಆಫೀಸಿಗೆ ಬಂದು ಅಲ್ಲಿಂದ ಶಿಕಾರಿಪುರಕ್ಕೆ ಹೊರಟರೆ ಮೀಟರ್ ಬರೆಯುವುದು ಆಫೀಸಿನ ಬಾಗಿಲಿನಿಂದ. ಮನೆಯಿಂದ ನೇರ ಹೋಗುವ ದಿನ ಎಲ್ಲಿಂದ ಎಣಿಸಬೇಕು ಅನ್ನೋದನ್ನ ಓನರ್ ಹತ್ತಿರ ಮೊದಲೇ ಮಾತಾಡಿ, ಪುಸ್ತಕದ ಮೊದಲ ಪುಟದಲ್ಲೇ ಬರೆಸಿಬಿಡಿ.