ಅಪ್ಪನ ಎಚ್‌ಎಂಟಿ ಜನತಾ: ಯಾರ ಕೈಗೆ ಕೊಡುವುದು?

ಬಸವನಗುಡಿ ಓದುಗ:
ತಂದೆಯವರ ಎಚ್‌ಎಂಟಿ ಜನತಾ ಕೈಗಡಿಯಾರ ನಿಂತುಹೋಗಿತ್ತು. ಪೇಟೆಯ ಅಂಗಡಿಯೊಂದರವರು ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಎಣ್ಣೆ ಹಾಕಿ ಎರಡೇ ಗಂಟೆಯಲ್ಲಿ ಹಿಂತಿರುಗಿಸಿದರು. ಈಗ ಓಡುತ್ತಿದೆ, ಆದರೆ ದಿನಕ್ಕೆ ಎಂಟು ನಿಮಿಷ ಮುಂದೆ ಹೋಗುತ್ತದೆ. ಹಳದಿಗಟ್ಟಿದ ಡಯಲನ್ನು ಮುಟ್ಟದೆ ಸರಿಮಾಡಿಕೊಡುವ ನಂಬಿಕಸ್ಥ ರಿಪೇರಿಯವರನ್ನು ಹುಡುಕುವುದು ಹೇಗೆ?

ತುಮಕೂರಿನವ:
1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚು ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ್ದರಿಂದ, ಬಿಡಿಭಾಗಗಳು ಈಗ ಹೆಚ್ಚಾಗಿ ಕೆಟ್ಟುನಿಂತ ಹಳೆಯ ವಾಚುಗಳಿಂದಲೇ ಬರಬೇಕು. ಆದ್ದರಿಂದ ಅಂಗಡಿಯವರ ಬಳಿ ಎಷ್ಟು ಬಗೆಯ ಎಣ್ಣೆಗಳಿವೆ, ಕೆಲಸ ಮುಗಿದ ಮೇಲೆ ಟೈಮ್‌ಗ್ರಾಫರಿನ (ವಾಚಿನ ಬಡಿತ ಕೇಳಿ ಓಟದ ವೇಗ ಅಳೆಯುವ ಯಂತ್ರ) ಅಳತೆಯನ್ನು ತೋರಿಸುತ್ತಾರೆಯೇ ಎಂದು ಮೊದಲೇ ಕೇಳಿ. ಪೆಟ್ರೋಲಿನಲ್ಲಿ ಅದ್ದಿ ಕೊಡುವವರ ಕಡೆ ತಲೆ ಹಾಕಬೇಡಿ.

ಹಳೆಯ ಕಸುಬಿನವ:
“ತಲೆ ಹಾಕಬೇಡಿ” ಎನ್ನಲು ನೀವು ಯಾರು ಸ್ವಾಮಿ? ನನ್ನ ತಂದೆ, ಅವರ ಬಳಿಕ ನಾನು, ಬಿಳಿ ಪೆಟ್ರೋಲಿನಲ್ಲೇ (ಬೆರಕೆಯಿಲ್ಲದ ಪೆಟ್ರೋಲು) ತೊಳೆದು ಸಂಸಾರ ಸಾಗಿಸಿದ್ದೇವೆ. ಪ್ಯಾಲೆಟ್ಟಿನ (ಹಲ್ಲಿನ ಚಕ್ರವನ್ನು ತಡೆದು ತಡೆದು ಬಿಡುವ ಸಣ್ಣ ಕವೆ) ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ. ಸ್ಪಿರಿಟ್ (ಆಲ್ಕೋಹಾಲ್) ಅರಗನ್ನು ಕರಗಿಸುತ್ತದೆ, ಪೆಟ್ರೋಲು ಕರಗಿಸುವುದಿಲ್ಲ. ನಿಮ್ಮ ಹೊಸ ಯಂತ್ರಗಳಲ್ಲಿ ಸ್ಪಿರಿಟ್ಟಿನಲ್ಲಿ ಹೆಚ್ಚು ಹೊತ್ತು ನೆನೆಸಿ ಕಲ್ಲು ಸಡಿಲಗೊಂಡ ವಾಚುಗಳು ನನ್ನ ಮೇಜಿಗೇ ಬಂದಿವೆ.

ಧಾರವಾಡದ ಇಂಜಿನಿಯರ್:
ಅರಗಿನ ಮಾತನ್ನು ಯಾರೂ ಎತ್ತಿರಲಿಲ್ಲ. ಪೆಟ್ರೋಲು ಆರಿದ ಮೇಲೆ ಹೇರ್‌ಸ್ಪ್ರಿಂಗಿನ (ಬ್ಯಾಲೆನ್ಸ್ ಚಕ್ರಕ್ಕೆ ಕಟ್ಟಿದ ಕೂದಲೆಳೆಯಂಥ ಸ್ಪ್ರಿಂಗ್) ಸುರುಳಿಗಳ ಮೇಲೆ ತೆಳುವಾದ ಜಿಡ್ಡು ಉಳಿಯುತ್ತದೆ. ಎರಡು ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾಗಿ ಆಚೀಚೆ ತಿರುಗಿ ವಾಚಿನ ವೇಗ ಕಾಯುವ ಬ್ಯಾಲೆನ್ಸ್ ಚಕ್ರ ಬೇಗ ಬೇಗ ಆಡುತ್ತದೆ, ಗಂಟೆಗೆ 18,000 ಬಡಿತವಿರಬೇಕಾದ ವಾಚು ಮುಂದೆ ಓಡುತ್ತದೆ. ಪ್ರಶ್ನೆ ಕೇಳಿದವರ ವಾಚಿಗೆ ಆಗಿರುವುದು ಇದೇ.

ಹಳೆಯ ಕಸುಬಿನವ:
“ಇದೇ” ಎಂದು ವಾಚನ್ನು ಕಣ್ಣಿನಿಂದಲೂ ನೋಡದೆ ಹೇಗೆ ತೀರ್ಮಾನಿಸಿದಿರಿ? ಕಾಂತ ಹಿಡಿದರೂ ಸುರುಳಿಗಳು ಹೀಗೆಯೇ ಅಂಟಿಕೊಳ್ಳುತ್ತವೆ. ಫೋನಿನ ಸ್ಪೀಕರಿನ ಪಕ್ಕ ಇಟ್ಟಿರಬಹುದು. ಸಣ್ಣ ದಿಕ್ಸೂಚಿಯನ್ನು ವಾಚಿನ ಮೇಲೆ ಹಿಡಿಯಲಿ, ಮುಳ್ಳು ತಿರುಗಿದರೆ ಪೆಟ್ರೋಲಿನ ಮೇಲಿನ ಅಪವಾದ ತೊಲಗುತ್ತದೆ.

ಮೈಸೂರಿನ ಸಂಗ್ರಾಹಕಿ:
ವಾದ ನಡೆಯಲಿ, ಆದರೆ ಡಯಲಿನ ಮಾತು ಎಲ್ಲರಿಗೂ ಮರೆತೇಹೋಗಿದೆ. ಹೊಸದಾಗಿ ಬಣ್ಣ ಬಳಿದು ಅಕ್ಷರ ಅಚ್ಚೊತ್ತಿದ ಡಯಲಿಗಿಂತ ಕಲೆಯಾದ ಮೂಲ ಡಯಲೇ ಮೇಲು. ವಾಚನ್ನು ಕೊಡುವ ಮೊದಲು ಹಿಂಬದಿ ಮುಚ್ಚಳ ತೆಗೆಸಿ ಒಳಭಾಗದ ಚಿತ್ರ ತೆಗೆದುಕೊಳ್ಳಿ, “ಡಯಲ್ ಮುಟ್ಟಕೂಡದು” ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ.

ಧಾರವಾಡದ ಇಂಜಿನಿಯರ್:
“ಅಪವಾದ” ಎನ್ನುವುದು ತಪ್ಪು ಪದ. ತೊಳೆದಾದ ಮೇಲೆ ಶುದ್ಧ ದ್ರಾವಣದಲ್ಲಿ ಮತ್ತೊಮ್ಮೆ ಜಾಲಿಸುವುದು ಕ್ರಮ, ಎರಡು ಗಂಟೆಯ ಕೆಲಸದಲ್ಲಿ ಅದಕ್ಕೆ ಬಿಡುವೆಲ್ಲಿ?

ಬಸವನಗುಡಿ ಓದುಗ:
ಮಗಳ ಶಾಲೆಯ ದಿಕ್ಸೂಚಿಯನ್ನು ವಾಚಿನ ಮೇಲೆ ಹಿಡಿದು ನಿಧಾನವಾಗಿ ಆಚೀಚೆ ಸರಿಸಿದೆ, ಮುಳ್ಳು ಕದಲಲಿಲ್ಲ. ಪರಿಚಯದವರೊಬ್ಬರು ಲೂಪಿನಲ್ಲಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ನೋಡಿ, ಹೇರ್‌ಸ್ಪ್ರಿಂಗಿನ ಹೊರಗಿನ ಎರಡು ಸುತ್ತುಗಳ ನಡುವೆ ಎಣ್ಣೆಯಂಥ ಹೊಳಪಿದೆ ಎಂದರು.

ತುಮಕೂರಿನವ:
ನಾನು ಮೊದಲೇ ಹೇಳಿದ್ದೆ.

ಹಳೆಯ ಕಸುಬಿನವ:
ನೀವು ಹೇಳಿದ್ದು ಪೆಟ್ರೋಲಿನ ಬಗ್ಗೆ, ಅಲ್ಲಿರುವುದು ಎಣ್ಣೆ. ಕೈಮೀರಿ ಎಣ್ಣೆ ಹಾಕಿದ ಆ ಅಂಗಡಿಯವರ ತಪ್ಪನ್ನು ಪೆಟ್ರೋಲಿನ ತಲೆಗೆ ಕಟ್ಟಬೇಡಿ. ಬಸವನಗುಡಿಯವರೇ, ಬ್ಯಾಲೆನ್ಸನ್ನು ಬಿಚ್ಚಿ ಬಿಳಿ ಪೆಟ್ರೋಲಿನಲ್ಲಿ ಇನ್ನೊಮ್ಮೆ ಅದ್ದಿಸಿದರೆ ಸಾಕು, ವಾಚು ಹದಕ್ಕೆ ಬರುತ್ತದೆ.

ಧಾರವಾಡದ ಇಂಜಿನಿಯರ್:
ದಯವಿಟ್ಟು ಹಾಗೆ ಮಾಡಿಸಬೇಡಿ.