ಸಹಾಯ ಬೇಕು: ಮಗಳ ಮೇಲಿನ ಮುಂಬಲ್ಲು ಕೆಳಹಲ್ಲಿನ ಹಿಂದೆ ಕೂರುತ್ತಿದೆ

ನನ್ನ 8 ವರ್ಷದ ಮಗಳ ಮೇಲಿನ ಮುಂಬಲ್ಲೊಂದು ಒಳಕ್ಕೆ ವಾಲಿ ಹುಟ್ಟಿದ್ದು, ಬಾಯಿ ಮುಚ್ಚಿದಾಗ ಕೆಳಹಲ್ಲಿನ ಹಿಂದೆ ಹೋಗಿ ಕೂರುತ್ತದೆ. ಅದರ ಒತ್ತಡಕ್ಕೆ ಆ ಕೆಳಹಲ್ಲು ಸ್ವಲ್ಪ ಅಲುಗಾಡುತ್ತಿದ್ದು, ಬುಡದ ವಸಡು ಪಕ್ಕದ ಹಲ್ಲುಗಳಿಗಿಂತ ಕೆಳಗೆ ಸರಿದಿರುವುದು ಕಣ್ಣಿಗೇ ಕಾಣುತ್ತದೆ. ಉದುರದೆ ಉಳಿದಿದ್ದ ಹಾಲುಹಲ್ಲನ್ನು ಕೀಳಿಸಿದೆವು. ವೈದ್ಯರು ಹೇಳಿಕೊಟ್ಟಂತೆ ಐಸ್‌ಕ್ರೀಂ ಕಡ್ಡಿಯನ್ನು ಕಚ್ಚಿಸಿ ಹಲ್ಲನ್ನು ಮುಂದಕ್ಕೆ ಒತ್ತುವ ಅಭ್ಯಾಸವನ್ನೂ (ಅಳು, ರಂಪಗಳ ನಡುವೆಯೇ) ಮಾಡಿಸಿದೆವು, ಫಲ ಸಿಗಲಿಲ್ಲ.

ದವಡೆಯ ಬೆಳವಣಿಗೆ ಸರಿಯಿದೆ, ಸ್ಪ್ರಿಂಗ್ ಇರುವ, ತೆಗೆದು ಹಾಕಬಹುದಾದ ಪ್ಲೇಟ್ ಈಗಲೇ ಹಾಕಿಸಿ ಎಂದು ಒಬ್ಬ ದಂತವೈದ್ಯರು ಹೇಳಿದರೆ, ಇನ್ನೊಬ್ಬರು ಶಾಶ್ವತ ಹಲ್ಲುಗಳೆಲ್ಲ ಬರುವವರೆಗೆ, ಅಂದರೆ ಸುಮಾರು 12 ವರ್ಷದವರೆಗೆ, ಕಾದು ಒಂದೇ ಸಲ ಬ್ರೇಸಸ್ ಹಾಕಿಸಿ ಎನ್ನುತ್ತಾರೆ. ವಸಡು ಸರಿಯುತ್ತಿರುವಾಗ ಕಾಯುವುದು ನನಗೆ ಸರಿಕಾಣುತ್ತಿಲ್ಲ.

ಇಂಥ ಮಕ್ಕಳಿಗೆ ಪ್ಲೇಟ್ ಹಾಕಿಸಿದವರು ಅಥವಾ ಬಲ್ಲ ದಂತವೈದ್ಯರು ದಯವಿಟ್ಟು ತಿಳಿಸಿ: ಹಲ್ಲು ಮುಂದೆ ಬಂದ ಮೇಲೆ ಮತ್ತೆ ಹಿಂದಕ್ಕೆ ಸರಿಯದೆ ನಿಂತಿತೇ, ಸರಿದ ವಸಡು ಚೇತರಿಸಿಕೊಂಡಿತೇ?