ಫ್ರೆಂಚ್: ಪಾಲ್ ಗಂಡಸಾದರೂ 'ಸಾ' ಯಾಕೆ? 'ಊವೆರ್', 'ಊವೆರ್ತ್' ಯಾವಾಗ?

ಪ್ರಶ್ನೆ
'ಪಾಲ್ ಎ ಆವೆಕ್ ಸಾ ಸರ್' (ಪಾಲ್ ತನ್ನ ಅಕ್ಕನ ಜೊತೆ ಇದ್ದಾನೆ) ಅನ್ನುವಲ್ಲಿ 'ಸಾ' ಸ್ತ್ರೀಲಿಂಗ. ಪಾಲ್ ಗಂಡಸಲ್ಲವೇ? ಹಾಗೇ, 'ನನ್ನ ಗೆಳತಿ' ಅನ್ನಲು ಸ್ತ್ರೀಲಿಂಗದ 'ಮಾ' (ನನ್ನ) ಬಿಟ್ಟು 'ಮೋನಾಮಿ' ಅನ್ನುವುದೇಕೆ? ಇನ್ನೊಂದು: ಬಾಗಿಲು ತೆರೆದಿದೆ ಅಂದರೆ 'ಲಾ ಪೋರ್ತ್ ಎ ಊವೆರ್ತ್', ಬಾಗಿಲು ತೆರೆದೆ ಅಂದರೆ 'ಜೆ ಊವೆರ್ ಲಾ ಪೋರ್ತ್'. ಪೋರ್ತ್ ಎರಡು ಕಡೆಯೂ ಸ್ತ್ರೀಲಿಂಗವೇ ತಾನೆ?

ಉತ್ತರ 1
ನಮ್ಮ 'ಅವನ', 'ಅವಳ' ಒಡೆಯನ ಲಿಂಗ ನೋಡುತ್ತವೆ. ಫ್ರೆಂಚಿನ 'ಸೋಂ', 'ಸಾ' ಮುಂದೆ ಬರುವ ನಾಮಪದದ ಲಿಂಗ ನೋಡುತ್ತವೆ. ಹಾಗಾಗಿ 'ಸಾ ಸರ್' ಅಂದರೆ ಅವನ ಅಕ್ಕನೂ ಹೌದು, ಅವಳ ಅಕ್ಕನೂ ಹೌದು. ಯಾರ ಅಕ್ಕ ಅನ್ನುವುದನ್ನು ಸಂದರ್ಭವೇ ಹೇಳಬೇಕು.

'ಮೋನಾಮಿ'ಯಲ್ಲಿ ಲಿಂಗ ಬದಲಾಗಿಲ್ಲ. 'ಮಾ ಆಮಿ' ಅಂದರೆ ಎರಡು ಸ್ವರ ಡಿಕ್ಕಿ ಹೊಡೆಯುತ್ತವೆ, ಅದನ್ನು ತಪ್ಪಿಸಲು 'ಮೋಂ' ಬರುತ್ತದೆ, ಅಷ್ಟೆ. ನಡುವೆ ವ್ಯಂಜನದಿಂದ ಶುರುವಾಗುವ ವಿಶೇಷಣ ಬಂದರೆ 'ಮಾ' ಮರಳುತ್ತದೆ: 'ಮಾ ಪತೀತ್ ಆಮಿ' (ನನ್ನ ಪ್ರೇಯಸಿ).

ಉತ್ತರ 2
ಬಾಗಿಲಿನ ವಿಷಯಕ್ಕೆ ಬರೋಣ. ಮೊದಲು ಸಹಾಯಕ ಕ್ರಿಯಾಪದ ಯಾವುದು ನೋಡಿ.

'ಎತ್ರ್' (ಇರು; 'ಲಾ ಪೋರ್ತ್ ಎ'ಯ 'ಎ' ಇದರದೇ ರೂಪ) ಇದ್ದರೆ ಕೃದಂತ ('ಊವೆರ್'ನಂಥ ರೂಪ) ಕರ್ತೃವಿನ ಲಿಂಗ, ವಚನ ಹಿಡಿಯುತ್ತದೆ. ನಮ್ಮ 'ಬಂದನು', 'ಬಂದಳು' ಇದಕ್ಕೆ ಹತ್ತಿರ. 'ಅವ್ವಾರ್' (ಹೊಂದಿರು; 'ಜೆ'ಯಲ್ಲಿ ಇದರ ರೂಪವಿದೆ) ಇದ್ದರೆ ಕರ್ತೃವಿಗೂ ಕೃದಂತಕ್ಕೂ ಸಂಬಂಧವೇ ಇಲ್ಲ, ಕರ್ಮ ಎಲ್ಲಿದೆ ಅನ್ನುವುದೇ ಮುಖ್ಯ. ನಂತರ ಬಂದರೆ ರೂಪ ಬದಲಾಗದು: 'ಜೆ ಊವೆರ್ ಲಾ ಪೋರ್ತ್'. ಮೊದಲೇ ಬಂದರೆ ಅದಕ್ಕೆ ಹೊಂದಬೇಕು: 'ಲಾ ಪೋರ್ತ್ ಕ ಜೆ ಊವೆರ್ತ್' (ನಾನು ತೆರೆದ ಬಾಗಿಲು).

ತುಂಬಾ ಜನ ಎಡವುವುದು 'ಸ ಲಾವೆ'ಯಂಥ (ತನ್ನನ್ನು ತಾನು ತೊಳೆದುಕೊಳ್ಳು) ಕ್ರಿಯಾಪದಗಳಲ್ಲಿ. ಇಲ್ಲಿ 'ಎತ್ರ್' ಇದ್ದರೂ ಕರ್ಮ ಎಲ್ಲಿದೆ ಅನ್ನುವುದನ್ನು ನೋಡಬೇಕು. 'ಎಲ್ ಸೆ ಲಾವೆ' (ಅವಳು ಸ್ನಾನ ಮಾಡಿದಳು) ಬರೆಯುವಾಗ ಕೊನೆಗೆ ಇ ಅಕ್ಷರ ಬೇಕು. 'ಎಲ್ ಸೆ ಲಾವೆ ಲೇ ಮ್ಯಾಂ' (ಕೈ ತೊಳೆದುಕೊಂಡಳು) ಅಂದರೆ ಬೇಡ, ಯಾಕೆಂದರೆ ಕರ್ಮವಾದ ಕೈ ನಂತರ ಬಂದಿದೆ.

ಉತ್ತರ 3
ಮೇಲಿನದು ಸರಿ. ಆದರೆ ಲಿಂಗವೇ ಗೊತ್ತಿಲ್ಲದಿದ್ದರೆ ಯಾವ ನಿಯಮವೂ ಕೈಹಿಡಿಯದು. ಹೊಸ ಪದವನ್ನು 'ಲ', 'ಲಾ' (ಇಂಗ್ಲಿಷಿನ 'ದ' ಥರ) ಜೊತೆ ಕಲಿಯಬೇಡಿ, 'ಅಂ', 'ಊನ್' (ಒಂದು; ಪುಲ್ಲಿಂಗ, ಸ್ತ್ರೀಲಿಂಗ) ಜೊತೆ ಕಲಿಯಿರಿ. 'ಲೆಕೋಲ್' (ಶಾಲೆ) ಅಂದಾಗ ಲಿಂಗ ಕಾಣುವುದಿಲ್ಲ, 'ಊನ್ ಎಕೋಲ್' ಅಂದರೆ ಕಾಣುತ್ತದೆ. ಅರ್ಥ ನೋಡಿ ಊಹಿಸುವ ನಮ್ಮ ಅಭ್ಯಾಸವನ್ನೂ ಬಿಡಬೇಕು: 'ಊನ್ ಪೆರ್ಸೋನ್' (ಒಬ್ಬ ವ್ಯಕ್ತಿ) ಗಂಡಸಿನ ಬಗ್ಗೆ ಹೇಳಿದರೂ ಸ್ತ್ರೀಲಿಂಗವೇ.

ಬಹುವಚನದ ಎಸ್ ಸಾಮಾನ್ಯವಾಗಿ ಕೇಳಿಸದು. ಕಿವಿ ಇಡಬೇಕಾದ್ದು ಆರ್ಟಿಕಲ್ ಕಡೆಗೆ: 'ಲ ಲೀವ್ರ್' (ಪುಸ್ತಕ), 'ಲೇ ಲೀವ್ರ್' (ಪುಸ್ತಕಗಳು). ಬರೆಯುವಾಗ ಮಾತ್ರ ವಿಶೇಷಣಕ್ಕೂ ಎಸ್ ಹಾಕಲು ಮರೆಯಬೇಡಿ. ಬಣ್ಣಗಳಲ್ಲಿ 'ಮಾರೋಂ' (ಕಂದು), 'ಒರಾಂಜ್' (ಕಿತ್ತಳೆ) ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ 'ಲೇ ಪೋಮ್ ಕ ಜೆ ಮಾಂಜೆ' (ನಾನು ತಿಂದ ಸೇಬುಗಳು) ಬರೆಯುವಾಗ ಇ, ಎಸ್ ಎರಡೂ ಬೇಕು, ಅಲ್ವಾ?

ಉತ್ತರ 2
ಹೌದು, ಎರಡೂ ಬೇಕು. ಆದರೆ ಸೇಬುಗಳ ಬದಲು 'ಆಂ' (ಅವುಗಳಲ್ಲಿ ಕೆಲವು) ಸರ್ವನಾಮ ಬಂದು 'ಜಾನೆ ಮಾಂಜೆ' (ಅವುಗಳಲ್ಲಿ ಕೆಲವನ್ನು ತಿಂದೆ) ಆದರೆ ಯಾವುದೂ ಬೇಡ. ಅದು ಕ್ರಿಯಾಪದದ ಮೊದಲೇ ಬಂದರೂ ಕೃದಂತವನ್ನು ಹಾಗೇ ಬಿಡುವುದು ವಾಡಿಕೆ.